ಊಟವಿಲ್ಲದ ಬಿಲ್ಲು

ನಾಲ್ಕು ದಿನ ಆಸ್ಪತ್ರೆಯಲ್ಲಿದ್ದ ಮನುಷ್ಯ ಒಂದು ತುತ್ತೂ ತಿನ್ನದೆ ಇರುತ್ತಾನೆಯೇ? ಇರಲಾರ. ಆದ್ದರಿಂದ ಅವನು ಆಸ್ಪತ್ರೆಯಲ್ಲಿ ಇರಲೇ ಇಲ್ಲ. ಆರೋಗ್ಯ ವಿಮೆ ಕಂಪನಿಯವರ ಪತ್ರದ ಸಾರಾಂಶ ಇಷ್ಟೇ. ದೆಹಲಿಯ ದ್ವಾರಕಾದ ಫ್ಲ್ಯಾಟಿನಲ್ಲಿ ಸೊಪ್ಪು ಬಿಡಿಸುತ್ತ ಕುಳಿತಿದ್ದ ಪಂಕಜಾ ಅದನ್ನು ಮಗಳಿಂದ ಮೂರನೇ ಸಲ ಓದಿಸಿದಳು.

"ಅಮ್ಮಾ, ಎಷ್ಟು ಸಲ ಓದ್ಲಿ? ಬಿಲ್‌ನಲ್ಲಿ ಊಟದ ಚಾರ್ಜ್ ಝೀರೋ ಇದೆ. ಸೋ ಅಪ್ಪ ಅಡ್ಮಿಟ್ಟೇ ಆಗಿಲ್ಲ, ಬಿಲ್ ಫೇಕ್ ಅಂತಿದಾರೆ. ಹದಿನೈದು ದಿನದಲ್ಲಿ ಪ್ರೂಫ್ ಕೊಡ್ಬೇಕು. ನಹೀ ತೋ ಪಾಲಿಸಿನೇ ಕ್ಯಾನ್ಸಲ್," ಎಂದಳು ಹರ್ಷಿಣಿ.

ಪಾಲಿಸಿ ಹೋದರೆ ಗತಿ ಏನು ಎಂಬುದು ಇಬ್ಬರಿಗೂ ಗೊತ್ತಿತ್ತು. ಪಂಕಜಾಳ ಗಂಡ ಅನಂತಮೂರ್ತಿಗೆ ಡೆಂಗಿ ಜ್ವರವೇನೋ ಬಿಟ್ಟಿತ್ತು. ಆದರೆ ಅದೇ ಸಮಯದಲ್ಲಿ ಮಾಡಿದ ಸ್ಕ್ಯಾನಿಂಗಿನಲ್ಲಿ ಪಿತ್ತಕೋಶದ ಕಲ್ಲು ಕಂಡಿತ್ತು. ಮುಂದಿನ ತಿಂಗಳು ಆಪರೇಷನ್. ತಡ ಮಾಡಬೇಡಿ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಅರವತ್ತೊಂದು ದಾಟಿದ, ಮೋಸಗಾರ ಎಂದು ಹೆಸರು ಬಿದ್ದ ಮನುಷ್ಯನಿಗೆ ಇನ್ಯಾವ ಕಂಪನಿ ವಿಮೆ ಕೊಟ್ಟೀತು?

ತಪ್ಪು ಯಾರದು ಅಂದರೆ, ಪಂಕಜಾಳದ್ದೇ. ಆಸ್ಪತ್ರೆಗೆ ಸೇರಿಸಿದ ದಿನವೇ ಅಡುಗೆಮನೆಯವನನ್ನು ಕರೆದು, "ನಮ್ಮವರಿಗೆ ನಿಮ್ಮ ರೋಟಿ, ದಾಲ್ ಸೇರಲ್ಲ ಭಯ್ಯಾ, ತಟ್ಟೆ ತರಲೇಬೇಡಿ," ಎಂದು ಕಟ್ಟಪ್ಪಣೆ ಮಾಡಿದ್ದಳು. ಡಾಕ್ಟರ ಒಪ್ಪಿಗೆ ಪಡೆದು, ಮಧ್ಯಾಹ್ನ, ಸಂಜೆ ಎರಡು ಹೊತ್ತೂ ಮನೆಯಿಂದಲೇ ಮೆತ್ತನೆಯ ಅನ್ನ, ತಿಳಿಸಾರು ಹೊತ್ತಿದ್ದಳು. ಇಪ್ಪತ್ತೆಂಟು ವರ್ಷ ದೆಹಲಿಯಲ್ಲಿದ್ದರೂ ಕಾಯಿಲೆ ಬಿದ್ದವರಿಗೆ ರೋಟಿ ಕೊಡುವುದೆಂದರೆ ಅವಳ ಪಾಲಿಗೆ ಕೊಲೆಗೆ ಸಮ.

ಬೇರೆ ಯಾರಾದರೂ ಆಗಿದ್ದರೆ ಕಂಪನಿಯವರಿಗೆ ಫೋನಿನಲ್ಲೇ ಮಂಗಳಾರತಿ ಎತ್ತುತ್ತಿದ್ದರು. ಪಂಕಜಾಳಿಗೆ ಮಾತ್ರ ಕೋಪಕ್ಕಿಂತ ಕುತೂಹಲವೇ ಜಾಸ್ತಿಯಾಗಿತ್ತು. ಎಲ್ಲೋ ಕೂತ ಯಾರೋ ತನ್ನ ಗಂಡ ಉಂಡನೋ ಬಿಟ್ಟನೋ ಅಂತ ನೋಡುತ್ತಿದ್ದಾರೆಂದರೆ ಏನರ್ಥ? ಆ ಮಹಾನುಭಾವನ ಮುಖವನ್ನಾದರೂ ನೋಡಬೇಕಲ್ಲ!

ಮರುದಿನ ತಾಯಿ ಮಗಳು ಮೆಟ್ರೋ ಹತ್ತಿ ನೋಯ್ಡಾದ ಕಚೇರಿಗೆ ಹೋದರು. ಅಲ್ಲಿದ್ದ ಅಧಿಕಾರಿ ಹರ್ಷಿಣಿಯ ವಯಸ್ಸಿನವನು, ಮರ್ಯಾದಸ್ಥ.

"ಯಾರೂ ನೋಡಲ್ಲ ಆಂಟೀಜಿ. ಕಂಪ್ಯೂಟರೇ ಹಿಡಿಯತ್ತೆ," ಎಂದ ಹಿಂದಿಯಲ್ಲಿ. "ಬಿಲ್ಲಲ್ಲಿ ಬೆಡ್ಡಿದೆ, ಔಷಧಿ ಇದೆ, ಊಟ ಇಲ್ಲ ಅಂದ್ರೆ ಸುಳ್ಳು ಬಿಲ್ ಅಂತ ಲೆಕ್ಕ."

"ಅಯ್ಯೋ ನಿನ್ನ ಕಂಪ್ಯೂಟರಿಗಿಷ್ಟು! ಮನೆ ಊಟ ಅನ್ನೋದು ಅದಕ್ಕೆ ಗೊತ್ತೇ ಇಲ್ವಾ?" ಎಂದಳು ಪಂಕಜಾ. ಅವಳ ಹಿಂದಿ ಇಂಥ ಹೊತ್ತಿನಲ್ಲಿ ಬಲು ಚುರುಕು. "ಆಸ್ಪತ್ರೆಯವರು ನಿಮಗೆ ಬರೀ ಬಿಲ್ಲು ಕಳಿಸಿದ್ರಾ, ಬೇರೆ ಕಾಗದಾನೂ ಕಳಿಸಿದ್ರಾ?"

ಪೂರ್ತಿ ಫೈಲೇ ಬಂದಿತ್ತು. ಯಾರೂ ತೆರೆದಿರಲಿಲ್ಲ. ಡೆಂಗಿ ರೋಗಿ ಎಷ್ಟು ಕುಡಿದ, ಏನು ತಿಂದ ಎಂದು ನರ್ಸುಗಳು ಗಂಟೆಗಂಟೆಗೆ ಬರೆಯುವ ಹಾಳೆ ಅದರಲ್ಲಿತ್ತು. ಹುಡುಗ ಪುಟ ತಿರುಗಿಸುತ್ತ ಹೋದ. ಒಂದು ಕಡೆ ನಿಂತ. ಮುಖ ಅರಳಿತು.

"ಸಿಕ್ತು ಆಂಟೀಜಿ! ನಾಲ್ಕು ದಿನವೂ ಸಹಿ ಸಮೇತ ಇದೆ. ಅಂಕಲ್ ಅಲ್ಲೇ ಇದ್ದರು. ಇವತ್ತೇ ಕೇಸ್ ಕ್ಲಿಯರ್ ಮಾಡ್ತೀನಿ."

ಹರ್ಷಿಣಿ ಅಮ್ಮನ ಕೈ ಹಿಸುಕಿದಳು. ಪಂಕಜಾಳ ಎದೆಯ ಮೇಲಿನ ಕಲ್ಲು ಇಳಿಯಿತು. ಅಷ್ಟಕ್ಕೇ ಎದ್ದು ಬರಬಹುದಿತ್ತು. ಆದರೆ ಸುಮ್ಮನಿರುವ ಜೀವವೇ ಅದು?

"ಏನಂತ ಬರೆದಿದಾರೆ? ಸ್ವಲ್ಪ ಓದಪ್ಪಾ."

ಹುಡುಗ ಹರ್ಷಿಣಿಯ ಮುಖ ನೋಡಿದ. ಆಮೇಲೆ ಮೆಲ್ಲಗೆ ಓದಿದ. "ಮಧ್ಯಾಹ್ನ ಒಂದೂವರೆ. ಹೆಂಡತಿ ಮನೆ ಊಟ ತಂದರು. ಅವರು ಕೆಳಗೆ ಹೋದ ಮೇಲೆ ರೋಗಿ ಊಟವನ್ನು ಪಕ್ಕದ ಬೆಡ್ಡಿನವರಿಗೆ ಕೊಟ್ಟರು. ವಾಕರಿಕೆ. ಎಳನೀರು ಮಾತ್ರ ಕುಡಿದರು. ಹೆಂಡತಿಗೆ ಹೇಳಬೇಡಿ ಎಂದು ಕೇಳಿಕೊಂಡರು."

"ಇನ್ನುಳಿದ ದಿನ?"

"ಎಲ್ಲ ದಿನವೂ ಇದೇ, ಆಂಟೀಜಿ."

ವಾಪಸು ಬರುವಾಗ ಮೆಟ್ರೋದಲ್ಲಿ ಪಂಕಜಾಳಿಗೆ ಅವಮಾನವೂ ಆಗಿತ್ತು, ಸಿಟ್ಟೂ ಬಂದಿತ್ತು. ತೊಳೆದಿಟ್ಟಷ್ಟು ಖಾಲಿಯಾದ ಡಬ್ಬಿ ಕೈಗಿಟ್ಟು, "ಸಾರು ಅಮೃತ ಕಣೇ," ಎನ್ನುತ್ತಿದ್ದರಲ್ಲ ಈ ಪುಣ್ಯಾತ್ಮ! ಬೇಡವಾಗಿದ್ದರೆ ಒಂದು ಮಾತು ಹೇಳಲಿಕ್ಕೆ ಏನಾಗಿತ್ತು?

ಮನೆಗೆ ಬಂದವಳೇ ಚಪ್ಪಲಿ ಕೂಡ ಬಿಡದೆ ಗಂಡನ ಎದುರು ನಿಂತಳು.

"ಕ್ಲೇಮ್ ಆಯ್ತು. ಆಪರೇಷನ್ನಿಗೂ ತೊಂದರೆ ಇಲ್ಲ. ಈಗ ಹೇಳಿ, ನಾನು ತಂದ ಊಟಾನೆಲ್ಲ ಪಕ್ಕದವರಿಗೆ ಬಡಿಸಿದ್ರಂತೆ?"

ಅನಂತಮೂರ್ತಿ ಪೇಪರು ಕೆಳಗಿಟ್ಟರು. ಸಿಕ್ಕಿಬಿದ್ದ ಮನುಷ್ಯ ತಪ್ಪಿಸಿಕೊಳ್ಳಲು ನೋಡಲಿಲ್ಲ.

"ಗಂಟಲಲ್ಲಿ ಇಳೀತಿರ್ಲಿಲ್ಲ ಕಣೇ. ವಾಸನೆಗೇ ಹೊಟ್ಟೆ ತೊಳಸೋದು."

"ಮತ್ತೆ ತರಬೇಡ ಅನ್ನೋಕೆ ಬಾಯಿರ್ಲಿಲ್ವಾ ನಿಮಗೆ? ಆ ಬಿಸಿಲಲ್ಲಿ ದಿನಕ್ಕೆರಡು ಸಲ ಹೊತ್ಕೊಂಡು ಬಂದ್ನಲ್ರೀ!"

"ಆ ವಾರ್ಡಿಗೆ ಯಾರನ್ನೂ ಬಿಡ್ತಿರ್ಲಿಲ್ಲ ಪಂಕಜಾ," ಎಂದರು ಅವರು. "ಮನೆ ಊಟ ತರೋರಿಗೆ ಮಾತ್ರ ಪಾಸು. ಊಟ ಬೇಡ ಅಂದಿದ್ರೆ ನಿನ್ನನ್ನ ಮೇಲೆ ಯಾರು ಬಿಡ್ತಿದ್ರು?"