ಎಮ್ಮೆಹಡ್ಲಿನ ಕಂಬದಪ್ಪ

ನಾನು ಹತ್ತು ಅಡಿ ಉದ್ದದ ಕಬ್ಬಿಣದ ಕೊಳವೆ. ಹುಟ್ಟಿದ್ದು ಕೈಪಂಪಿಗಾಗಿ. ಆದರೆ ನೀರು ಮೇಲೆತ್ತುವ ಭಾಗ್ಯ ನನ್ನ ಹಣೆಯಲ್ಲಿ ಬರೆದಿರಲಿಲ್ಲ. ರಸ್ತೆ ಸರ್ವೆಗೆ ಹೊರಟ ಎಂಜಿನಿಯರೊಬ್ಬರು ನನ್ನನ್ನು ಜೀಪಿನ ಮೇಲೆ ಕಟ್ಟಿಕೊಂಡು ಕಾಡಂಚಿನ ಎಮ್ಮೆಹಡ್ಲಿಗೆ ತಂದರು. ಹಡ್ಲು ಎಂದರೆ ಜೌಗು ಹುಲ್ಲುಗಾವಲು. ಮಣ್ಣಿನ ಆಳ ನೋಡಲು ನನ್ನ ತಲೆಗೆ ಸುತ್ತಿಗೆಯಿಂದ ಹೊಡೆದರು. ಎರಡೇ ಏಟಿಗೆ ಅರ್ಧ ಇಳಿದೆ. ತುದಿ ಆಳದ ಬಂಡೆಗೆ ತಾಗಿದಾಗ ನನ್ನ ತಲೆ ನೆಲದ ಸಮಕ್ಕಿತ್ತು. “ಇಲ್ಲಿ ರಸ್ತೆ ನಿಲ್ಲಲ್ಲ” ಎಂದರು. ನನ್ನನ್ನು ಕೀಳಲು ನೋಡಿ, ಆಗದೆ, ಬಿಟ್ಟು ಹೋದರು.

ಒಳಗೆ ತಣ್ಣಗಿತ್ತು. ನನ್ನ ಸುತ್ತ ಇದ್ದದ್ದು ಬರೀ ಮಣ್ಣಲ್ಲ, ಸಾವಿರಾರು ವರ್ಷಗಳ ಹುಲ್ಲು, ಬೇರು. ನೀರಿನಲ್ಲಿ ಮುಳುಗಿದ್ದರಿಂದ ಪೂರ್ತಿ ಕೊಳೆಯದೆ ಕಪ್ಪಗೆ ಕೂತಿತ್ತು. ಮಳೆಗಾಲದಲ್ಲಿ ಕುಡಿದ ನೀರನ್ನು ಬೇಸಿಗೆಯಲ್ಲಿ ಹನಿಹನಿಯಾಗಿ ಕೆಳಗಿನ ಒರತೆಗೆ ಬಿಡುತ್ತಿತ್ತು. ಪಕ್ಕದ ಗಿರಿಜನ ಹಾಡಿಯ ಚೆಲುವಿ ದಿನಾ ಆ ಒರತೆಗೆ ಬರುವಳು. ತುಂಬಿದ ಕೊಡವನ್ನು ನನ್ನ ಪಕ್ಕದ ಬಂಡೆಯ ಮೇಲಿಟ್ಟು ದಣಿವಾರಿಸಿಕೊಳ್ಳುವಳು. ಬಂಡೆ ಆಗ ಅವಳ ಮೊಣಕಾಲಿನಷ್ಟು ಎತ್ತರ.

ಹಡ್ಲಿನ ಒಡೆಯ ಮಂಚೇಗೌಡ ಶುಂಠಿ ಹಾಕಲು ಬಸಿಗಾಲುವೆ ತೋಡಿಸಿದ. ನೀರು ಹರಿದುಹೋಯಿತು. ಶುಂಠಿ ಜೋರಾಗಿ ಬಂತು. ಅದೇ ವರ್ಷ ನನ್ನ ತಲೆ ಹೊರಗೆ ಕಾಣಿಸಿತು. ಕೆಲವು ವರ್ಷಗಳಲ್ಲಿ ಒಂದು ಗೇಣು, ಆಮೇಲೆ ಎರಡು, ಮೂರು. ಗೌಡ ದಂಗಾದ. “ಭೂಮಿಯಿಂದ ಎದ್ದವ್ನೆ” ಎಂದು ಅರಿಶಿನ ಹಚ್ಚಿ, ಕಂಬದಪ್ಪ ಎಂದು ಹೆಸರಿಟ್ಟ. ನಾನು ಒಂದಿಂಚೂ ಅಲುಗಿರಲಿಲ್ಲ. ಆದರೂ ಸುಳ್ಳೇಕೆ ಹೇಳಲಿ, ಹಾರ ಹಾಕಿಸಿಕೊಳ್ಳುವುದು ನನಗೆ ಹಿತವಾಗಿತ್ತು. ಒಂದು ಬೇಸಿಗೆ ಒಣಗಿದ ಮಣ್ಣು ಒಳಗೊಳಗೇ ಹೊತ್ತಿಕೊಂಡು ನನ್ನ ಬುಡದಲ್ಲಿ ವಾರಗಟ್ಟಲೆ ಹೊಗೆಯಾಡಿತು. ಜನ ಅದನ್ನೂ ಧೂಪ ಅಂದುಕೊಂಡರು.

ಕಾಲುವೆ ತೋಡಿದ ಹನ್ನೆರಡನೆಯ ಬೇಸಿಗೆಗೆ ಒರತೆ ಬತ್ತಿತು. ಚೆಲುವಿ ಖಾಲಿ ಕೊಡ ಹಿಡಿದು ಬಂದಾಗ ಗೌಡ ನನಗೆ ಹಾರ ಹಾಕುತ್ತಿದ್ದ.

“ಗೌಡ್ರೇ, ಕಾಲ್ವೆ ಮುಚ್ಚಿ. ಹಾಡಿಗೆ ಕುಡ್ಯಕ್ಕೆ ನೀರಿಲ್ಲ.”

“ಮುಚ್ಚುದ್ರೆ ಶುಂಠಿ ಕೊಳೀತದೆ. ಸ್ವಾಮಿ ಬೆಳೀತಾವ್ನೆ, ನೀರೂ ಅವ್ನೇ ಕೊಡ್ತಾನೆ ಬುಡು.”

“ಸ್ವಾಮಿ ಬೆಳ್ದಿಲ್ಲ. ನೀರ್ ಬಸ್ದು ನೆಲ ಕುಸ್ದದೆ. ಈ ಬಂಡೆ ನನ್ ಮೊಣಕಾಲ್ಗಿತ್ತು, ಈಗ ಎದೆಗ್ ಬಂದದೆ. ಇದ್ಕೂ ಹಾರ ಹಾಕೀರಾ?”

ಗೌಡನಿಗೆ ಸಿಟ್ಟು ಬಂತು. ಅವಳು ಹೋದ ಮೇಲೆ ಬಂಡೆಯನ್ನೇ ನೋಡುತ್ತಾ ನಿಂತ. ಚಿಕ್ಕಂದಿನಲ್ಲಿ ಎಮ್ಮೆ ಮೇಯಿಸುವಾಗ ಅದರ ಮೇಲೆ ಕೂತು ಕೆಸರಲ್ಲಿ ಕಾಲಾಡಿಸಿದವನು ಅವನು. ಈಗ ಏದುಸಿರು ಬಿಡುತ್ತಾ ಹತ್ತಿ ಕುಳಿತ. ಕಾಲು ನೆಲಕ್ಕೆ ಎಟುಕಲಿಲ್ಲ.

ಆ ಸಲದ ಶುಂಠಿ ಕಿತ್ತ ಮೇಲೆ ಅವನೇ ಕಲ್ಲು, ಜೇಡಿಮಣ್ಣು ಹಾಕಿ ಕಾಲುವೆ ಮುಚ್ಚಿದ. ಮತ್ತೆ ಶುಂಠಿ ಹಾಕಲಿಲ್ಲ. ಹಡ್ಲಿನಲ್ಲಿ ನೀರು ನಿಂತಿತು, ಜೊಂಡು ಬಂತು. ಎರಡು ಮಳೆಗಾಲ ಕಳೆದ ಮೇಲೆ ಒರತೆ ಸಣ್ಣಗೆ ಜಿನುಗಿತು. ಮಣ್ಣು ಉಬ್ಬಿ ನಾನು ಎರಡು ಬೆರಳು ಒಳಗೆ ಹೋದೆ. ಉಳಿದದ್ದನ್ನು ಹುಲ್ಲು ಬೆಳೆದು ಬಿದ್ದೇ ತುಂಬಬೇಕು. ಅದಕ್ಕೆ ಸಾವಿರ ವರ್ಷ ಬೇಕೋ ಏನೋ, ಅಷ್ಟು ದಿನ ನಾನಿರುವುದಿಲ್ಲ. ಈಗಲೇ ಸೊಂಟದವರೆಗೆ ತುಕ್ಕು ಹಿಡಿದಿದೆ.

ಹಾರ ಹಾಕುವವರು ಈಗ ಯಾರೂ ಇಲ್ಲ. ಚೆಲುವಿ ಮಾತ್ರ ಬೇಸಿಗೆಯಲ್ಲಿ ಕೊಡ ತುಂಬಿಸಿಕೊಂಡು ಬಂದು, ಗೇಣು ಹಾಕಿ ನನ್ನನ್ನು ಅಳೆಯುತ್ತಾಳೆ.

“ಮುಳ್ಗೋಗಪ್ಪ, ಬಿರ್ನೆ ಮುಳ್ಗೋಗು” ಎನ್ನುತ್ತಾಳೆ.

ವರ್ಷಗಟ್ಟಲೆ ಪೂಜೆ ಮಾಡಿಸಿಕೊಂಡೆ. ಇಷ್ಟು ಒಳ್ಳೆಯ ಹಾರೈಕೆಯನ್ನು ನನಗೆ ಯಾರೂ ಹೇಳಿರಲಿಲ್ಲ.