ಗೋಡೆ ಮೇಲಿನ ಪೈಪು

"ಪೈಪು ಗೋಡೆ ಮೇಲೇ ಬರ್ಬೇಕು, ಸೊಂಟದ ಎತ್ತರಕ್ಕೆ," ಅಂತ ಪಟ್ಟು ಹಿಡಿದು ನಿಂತಳು ಶಾಮಲಮ್ಮ.

ಪೈಪು ಹಾಕೋಕೆ ಬಂದಿದ್ದ ತಾಜ್ ಪಾಷಾ ತಲೆ ಕೆರ್ಕೊಂಡ. "ಏಮಮ್ಮಾ ಇದು? ಎಲ್ರೂ ಪೈಪು ಮುಚ್ಚು ಅಂತಾರೆ, ನೀವು ಮೆರವಣಿಗೆ ಮಾಡು ಅಂತೀರಲ್ಲ! ನೆಲದಾಗೆ ಹೂತು ಬಾವಿಯಿಂದ ಬಚ್ಚಲಿಗೆ ನೇರ ತಂದ್ಬಿಡ್ತೀನಿ."

"ಹೂತಿದ್ದು ಸೋರಿದ್ರೆ ನಿಮ್ಮಪ್ಪ ಬಂದು ಅಗೀತಾನಾ?"

ಗಂಡ ಕೋದಂಡರಾಮಪ್ಪ ಗೊಳ್ಳಂತ ನಕ್ಕ. ಮುಳಬಾಗಿಲಲ್ಲಿ ಆವಾಗ ಬಾವಿಗೆ ಮೋಟರು ಇಡಿಸೋದು ಅಂದ್ರೆ ಮದುವೆ ಸಂಭ್ರಮ. ಬಾವಿ ಅಡುಗೆಮನೆ ಹಿಂಬಾಗಿಲ ಪಕ್ಕ, ಬಚ್ಚಲುಮನೆ ಹಿತ್ತಲ ಆ ತುದಿ. ಬಚ್ಚಲುಮನೆ ಅಂದ್ರೂ ಎಂಥದು? ಒಂದು ಹಂಡೆ, ಒಂದು ಕಲ್ಲು. ಒಬ್ಬರು ಒಳಗಿದ್ರೆ ಇನ್ನೊಬ್ಬರು ಆಚೆ.

ಶಾಮಲಮ್ಮಂಗೆ ನೀರಿನ ಚಿಂತೆ ಇರ್ಲಿಲ್ಲ. ಅವಳಿಗೆ ಕಣ್ಣು ಹೋಗ್ತಿತ್ತು. ಕೋಲಾರದ ಡಾಕ್ಟ್ರು ನರ ಒಣಗ್ತಿದೆ, ಆಪರೇಷನ್ನೂ ಇಲ್ಲ ಅಂದಿದ್ರು. ಜೊತೆಗೆ ಹೋಗಿದ್ದ ತಮ್ಮನ ಹತ್ರ ಆಣೆ ಹಾಕಿಸ್ಕೊಂಡು ಬಾಯಿ ಮುಚ್ಚಿಸಿದ್ದಳು. ಅಕ್ಕಿ ಬೊಗಸೇಲಿ ಅಳೆಯೋಳು, ಎಣ್ಣೆ ಕಾದದ್ದು ಸಾಸಿವೆ ಸದ್ದಲ್ಲಿ ತಿಳ್ಕೊಳ್ಳೋಳು. ಹಿತ್ತಲಲ್ಲಿ ಕೈಗೊಂದು ಪೈಪು ಸಿಕ್ಕಿದ್ರೆ ಅಡುಗೆಮನೆಯಿಂದ ಬಚ್ಚಲಿಗೆ, ಬಚ್ಚಲಿಂದ ಅಡುಗೆಮನೆಗೆ, ಗಂಡಂಗೂ ಸೊಸೆಗೂ ಗೊತ್ತಾಗದ ಹಾಗೆ ಓಡಾಡ್ಬೋದು. ಅಷ್ಟೇ ಅವಳ ಲೆಕ್ಕಾಚಾರ.

ಗೊತ್ತಾದ್ರೆ ಏನಾಗುತ್ತೆ ಅಂತ ಅವಳಿಗೆ ಚೆನ್ನಾಗಿ ಗೊತ್ತು. ಅವಳತ್ತೆ ತಿರುಮಲಮ್ಮಂಗೂ ಹೀಗೇ ಕಣ್ಣು ಹೋಗಿತ್ತು. ಮುದುಕಿ ಒಂದಿನ ಸಾರು ಕಾಲ ಮೇಲೆ ಚೆಲ್ಕೊಂಡಳು. ಶಾಮಲಮ್ಮಾನೇ ಸೌಟು ಕಿತ್ಕೊಂಡು, ಬಚ್ಚಲ ಪಕ್ಕದ ಕೋಣೇಲಿ ಮಂಚದ ಮೇಲೆ ಕೂರಿಸಿ, "ಕೂತ್ಕೊಳ್ಳಿ ಅತ್ತೆ, ನಾನಿಲ್ವಾ?" ಅಂದಿದ್ದಳು. ಆಮೇಲೆ ಆಯಮ್ಮ ಸಾಯೋವರೆಗೂ ಒಲೆ ಮುಟ್ಟಲಿಲ್ಲ. ಅಡುಗೆಮನೇಲಿ ಪಾತ್ರೆ ಸದ್ದಾದಾಗೆಲ್ಲ ಕತ್ತು ಎತ್ತೋಳು.

"ಆಯ್ತು ಮಾರಾಯ್ತಿ, ಗೋಡೆ ಮೇಲೇ ಬರ್ಲಿ," ಅಂತ ಕೋದಂಡರಾಮಪ್ಪ ಗುರುತಿಗೆ ಗೆರೆ ಎಳೆಯೋಕೆ ಇದ್ದಿಲು ತಗೊಂಡು ಗೋಡೆ ಹತ್ರ ಹೋದ. ಕಟುಕ್ ಅಂತ ಸದ್ದಾಯ್ತು.

"ಸರೀಗಿದೆ ಬಿಡಿ," ಅಂದಳು ಶಾಮಲಮ್ಮ. "ನೆಟ್ಟಗೆ ಎಳೆದಿದೀರ ಗೆರೆ."

ತಾಜ್ ಪಾಷಾ ಸುಮ್ಮನೆ ಕೆಮ್ಮಿದ. ಇದ್ದಿಲು ಒತ್ತೋವಾಗಲೇ ಮುರಿದು ಬಿದ್ದಿತ್ತು. ಗೋಡೆ ಮೇಲೆ ಗೆರೇನೇ ಇರ್ಲಿಲ್ಲ.

"ಲೇ," ಅಂದ ಕೋದಂಡರಾಮಪ್ಪ, ಇದ್ದಿಲ ಚೂರು ಎತ್ತಿಟ್ಟು. "ಇಲ್ಲಿ ಧೂಳು. ಕೆಲಸ ಮುಗಿಯೋವರೆಗೂ ದೇವರಾಯಸಮುದ್ರಕ್ಕೆ, ನಿನ್ನ ತಮ್ಮನ ಮನೆಗೆ ಹೋಗಿರು. ಪೈಪು ನೀ ಹೇಳ್ದಂಗೇ ಹಾಕಿಸ್ತೀನಿ."

ಪಾಪ, ಗೆದ್ದೆ ಅಂದ್ಕೊಂಡು ಹೋದಳು.

ವಾಪಸ್ ಬಂದ ದಿನ ಗಂಡಾನೇ ಬೀದಿ ಬಾಗಿಲಲ್ಲಿ ಕೈ ಹಿಡ್ಕೊಂಡ. ಮದುವೆಯಾದಾಗಿಂದ ಹಗಲು ಹೊತ್ತಲ್ಲಿ ಹಿಡಿದವನಲ್ಲ. ಗೊತ್ತಾಗಿಬಿಟ್ಟಿದೆ ಅಂತ ಅವಳಿಗೆ ಅಲ್ಲೇ ಅನ್ನಿಸ್ತು. ಬಚ್ಚಲಿಗೆ ಕರ್ಕೊಂಡು ಹೋಗಿ ನಲ್ಲಿ ತಿರುಗಿಸಿದ. ನೀರು ಧೋ ಅಂತ ಬಂತು.

"ಪೈಪು?" ಅಂದಳು.

"ಇದೆ ಕಣೇ. ಸೊಂಟದ ಎತ್ತರಕ್ಕೇ ಇದೆ. ಹಿಡ್ಕೊಂಡು ನಡಿ."

ಆಚೆ ಬಂದು ಎಡಗಡೆ, ಅಡುಗೆಮನೆ ಕಡೆ ಕೈ ಚಾಚಿದಳು. ಬರೀ ಗೋಡೆ. ಆ ಕಡೆಯ ಪೈಪು ನೆಲದೊಳಗೆ ಹೋಗಿತ್ತು. ಬಲಗಡೆ ತಡವಿದಳು. ಪೈಪು ಸಿಕ್ತು, ಬಿಸಿಲಿಗೆ ಕಾದಿತ್ತು. ಬೆರಳಲ್ಲಿ ತಟ್ಟಿದಳು. ಠಣ್ ಅಂತು, ಒಳಗೆ ನೀರಿಲ್ಲ, ಬರೀ ಹಿಡ್ಕೊಳ್ಳೋಕೆ ಹಾಕಿದ್ದು. ಹಿಡ್ಕೊಂಡು ಹೋದಳು. ನಾಲ್ಕು ಹೆಜ್ಜೆಗೆ ಒಂದು ಬಾಗಿಲ ಹತ್ರ ಮುಗಿದೇ ಹೋಯ್ತು. ಒಳಗೆ ಮೊಣಕಾಲಿಗೆ ಅತ್ತೆ ಮಂಚ ತಗುಲ್ತು. ಹೊಸ ಹಾಸಿಗೆ ಹಾಸಿದ್ರು.

"ಬಂದ್ರಾ ಅತ್ತೆ?" ಅಂತ ಅಡುಗೆಮನೆಯಿಂದ ಸೊಸೆ ನಾಗಮಣಿ ಕೂಗಿದಳು. "ಕೂತ್ಕೊಳ್ಳಿ, ನಾನಿಲ್ವಾ?"

ಶಾಮಲಮ್ಮ ಕೂತಳು. ಅಲ್ಲಿ ಸೌಟು ಪಾತ್ರೆಗೆ ತಗುಲಿದ ಸದ್ದಾಯ್ತು. ಇಲ್ಲಿ ಇವಳು ಕತ್ತು ಎತ್ತಿದಳು.