ಯೆರೆಮೀಯನ ಹೊಲದ ಪತ್ರ

‘ನಿನ್ನ ಚಿಕ್ಕಪ್ಪನ ಮಗ ಬಂದು, ನನ್ನ ಹೊಲ ನೀನೇ ಕೊಂಡುಕೋ ಎನ್ನುವನು’ ಎಂಬ ಸಾಲಿಗೆ ಬರುವಷ್ಟರಲ್ಲಿ ಚಿಕ್ಕರಂಗಯ್ಯನ ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಮಗಳು ಹೇಮಶ್ರೀ ಬಚ್ಚಲಲ್ಲಿದ್ದಳು. ಅವಳ ಬ್ಯಾಗಿನಿಂದ ಹಾಳೆಗಳನ್ನು ಎಳೆದು ಓದುವುದು ತಪ್ಪೆಂದು ಅವನಿಗೂ ಗೊತ್ತಿತ್ತು. ಆದರೆ ತನ್ನ ಚಿಕ್ಕಪ್ಪನ ಮಗ ತಿಮ್ಮೇಶ ವಾರದಲ್ಲಿ ಎರಡು ಸಲ ಕಡಬದ ಬಸ್‌ಸ್ಟ್ಯಾಂಡಿನಲ್ಲಿ ಇವಳ ಜೊತೆ ಪಿಸುಗುಟ್ಟಿದ್ದ. ಇವನನ್ನು ಕಂಡೊಡನೆ ಇಬ್ಬರೂ ಗಪ್‌ಚಿಪ್ಪಾಗಿದ್ದರು.

ಮುಂದೆ ಓದಿದ. ಸಾಕ್ಷಿಗಳು ರುಜು ಹಾಕಿದರು. ಪತ್ರಕ್ಕೆ ಎರಡು ಪ್ರತಿ, ಒಂದಕ್ಕೆ ಮುದ್ರೆ, ಒಂದು ತೆರೆದದ್ದು. ಎರಡನ್ನೂ ಮಣ್ಣಿನ ಮಡಕೆಯಲ್ಲಿಡು, ಬಹುಕಾಲ ಉಳಿಯಲಿ.

ಮಡಕೆ! ಅವನ ಕಣ್ಣು ಅಟ್ಟದತ್ತ ಹೋಯಿತು.

ಕೆರೆ ಏರಿಯ ಕೆಳಗಿನ ಅರ್ಧ ಎಕರೆ ತೋಟ ಚಿಕ್ಕಪ್ಪನಿಗೆ ಸೇರಬೇಕೆಂದು ಅವನಪ್ಪ ಪಾಲುಪಟ್ಟಿ ಬರೆಸಿ ಹೆಬ್ಬೆಟ್ಟು ಒತ್ತಿದ್ದ. ಚಿಕ್ಕಪ್ಪನ ಪ್ರತಿ ಸೋರುವ ಸೂರಿನಡಿ ನೆನೆದು ಮುದ್ದೆಯಾಯಿತು. ಅಪ್ಪ ತೀರಿಕೊಂಡ ಮೇಲೆ ಪಂಚಾಯಿತಿ ಕೂತಾಗ ಚಿಕ್ಕರಂಗಯ್ಯ, “ಅಂಥ ಪತ್ರವೇ ಇಲ್ಲ” ಅಂದುಬಿಟ್ಟ. ಆಗ ಮೀಸೆ ಚಿಗುರುತ್ತಿದ್ದ ತಿಮ್ಮೇಶನೇ ಎದ್ದು ನಿಂತು, “ಅಣ್ಣಯ್ಯ ಸುಳ್ಳು ಹೇಳಲ್ಲ, ಬುಡಿ” ಎಂದು ಪಂಚಾಯಿತಿ ಮುಗಿಸಿದ್ದ. ತನ್ನ ಬಳಿಯಿದ್ದ ಅಪ್ಪನ ಪ್ರತಿಯನ್ನು ಸುಟ್ಟುಬಿಡಬಹುದಿತ್ತು. ಅಪ್ಪನ ಹೆಬ್ಬೆಟ್ಟಿಗೆ ಬೆಂಕಿ ಇಡಲು ಕೈ ಬರಲಿಲ್ಲ. ಅಟ್ಟದ ಮೇಲಿನ ಮಡಕೆಗೆ ಹಾಕಿ, ಬಾಯಿಗೆ ಬಟ್ಟೆ ಬಿಗಿದಿದ್ದ. ಹದಿನೆಂಟು ವರ್ಷವಾಯಿತು. ಹೆಂಡತಿಗೂ ಹೇಳಿರಲಿಲ್ಲ.

ಹಾಗಾದರೆ ಇವಳಿಗೆ ಸಿಕ್ಕಿದೆ. ತಿಮ್ಮೇಶನಿಗೂ ಮುಟ್ಟಿಸಿದ್ದಾಳೆ. ಹೆತ್ತ ಮಗಳೇ ಬೆನ್ನಿಗೆ ಚೂರಿ ಹಾಕುವುದೆಂದರೆ ಏನು!

ಹೇಮಶ್ರೀ ತಲೆ ಒರೆಸಿಕೊಳ್ಳುತ್ತಾ ಬಂದಳು. ಅವನು ಹಾಳೆಗಳನ್ನು ಅವಳ ಮುಖದ ಮುಂದೆ ಹಿಡಿದ.

“ಇದನ್ನ ಯಾರು ಬರ್ಸಿದ್ದು?”

“ಅಯ್ಯೋ, ಅದು ಬೈಬಲ್ದು ಕಣಪ್ಪ. ಯೆರೆಮೀಯ ಅಂತ ಒಬ್ಬ ಪ್ರವಾದಿ. ಅವನ ಪುಸ್ತಕದ ಮೂವತ್ತೆರಡ್ನೇ ಅಧ್ಯಾಯ. ತುಮಕೂರಿನ ರಿಟೈರ್ಡ್ ಮೇಷ್ಟ್ರೊಬ್ರು ಅದ್ರ ಮೇಲೆ ಬರ್ದವ್ರೆ, ನಮ್ಮ ಪ್ರೆಸ್ಸಲ್ಲಿ ಪ್ರಿಂಟು. ಪ್ರೂಫ್ ನೋಡಕ್ಕೆ ಮನೆಗೆ ತಂದಿದೀನಿ.”

“ನಂಗೇ ಕಾಗೆ ಹಾರಿಸ್ತೀಯ? ದೇವರ ಪುಸ್ತಕದಲ್ಲಿ ಹೊಲದ ಪತ್ರ ಯಾಕೆ ಬತ್ತದೆ?”

“ಶತ್ರುಗಳು ಊರಿಗೆ ಮುತ್ತಿಗೆ ಹಾಕವ್ರೆ, ಇವ್ನು ಸೆರೇಲವ್ನೆ. ಅಂಥ ಹೊತ್ತಲ್ಲಿ ಹೊಲ ಕೊಂಡ್ಕೊ ಅಂತಾನೆ ದೇವ್ರು. ಈ ಮಣ್ಣಲ್ಲಿ ಜನ ಮತ್ತೆ ಹೊಲ-ಮನೆ ಮಾಡ್ತಾರೆ ಅನ್ನೋ ನಂಬಿಕೆಗೆ.”

“ಎರಡು ಪ್ರತಿ ಯಾಕೆ?”

“ತೆರೆದಿದ್ದನ್ನ ಯಾರಾದ್ರೂ ತಿದ್ದಿದ್ರೆ, ಮುದ್ರೆ ಒಡೆದು ಇನ್ನೊಂದ್ನ ನೋಡೋದು. ಆಗಿನ ಕಾಲದ ಪದ್ಧತಿಯಂತೆ. ತಮಾಷೆ ಅಂದ್ರೆ ಈ ಪುಸ್ತಕಾನೂ ಎರಡು ಥರ ಉಳ್ಕೊಂಡದೆ. ಹೀಬ್ರೂದಲ್ಲಿ ಉದ್ದ, ಹಳೇ ಗ್ರೀಕ್ ಅನುವಾದದಲ್ಲಿ ಗಿಡ್ಡ. ಯಾರು ಸೇರ್ಸಿದ್ರು, ಯಾರು ಬಿಟ್ರು ಅಂತ ಮೇಷ್ಟ್ರು ಐವತ್ತು ಪುಟ ತಲೆ ಕೆಡಿಸ್ಕೊಂಡವ್ರೆ.”

ಎಷ್ಟು ಸಲೀಸಾಗಿ ಹೇಳುತ್ತಾಳೆ! ಓದಿಸಿದ್ದೇ ತಪ್ಪಾಯಿತು ಎಂದುಕೊಂಡ. “ಅದೆಲ್ಲ ಇರ್ಲಿ. ಅಟ್ಟದ ಮೇಲಿನ ಮಡಕೆ ವಿಷ್ಯ ನಿಂಗ್ಯಾರು ಹೇಳಿದ್ದು? ತಿಮ್ಮೇಶನಾ?”

ಹೇಮಶ್ರೀಯ ಕೈಯಲ್ಲಿದ್ದ ಟವೆಲ್ಲು ನಿಂತಿತು.

“ಯಾವ ಮಡಕೆ?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಯನ್ನು ಅವನೇ ಎಷ್ಟು ಜನರ ಮೇಲೆ ಎಸೆದಿದ್ದನೋ.

“ಏನಿಲ್ಲ. ಬಿತ್ನೆ ರಾಗಿ ಇಟ್ಟಿದ್ದೆ.”

“ರಾಗಿಗ್ಯಾಕಪ್ಪ ಹಿಂಗೆ ಬೆವರ್ತೀಯ?” ಅವಳು ಅಟ್ಟದತ್ತ ನೋಡಿದಳು, ಮತ್ತೆ ಅಪ್ಪನನ್ನು ನೋಡಿದಳು. “ತಿಮ್ಮೇಶ್ ಚಿಕ್ಕಪ್ಪ ಮಾತಾಡಿದ್ದು ನಿನ್ನ ಕಣ್ಣಿನ ಪೊರೆ ವಿಷ್ಯ. ಇವತ್ತು ಆಸ್ಪತ್ರೆಗೆ ತಾನೇ ಕರ್ಕೊಂಡೋಗ್ತೀನಿ, ಮೊದ್ಲೇ ಹೇಳಿದ್ರೆ ಅಣ್ಣಯ್ಯ ತೋಟದ ಕೆಲ್ಸದ ನೆಪ ತೆಗೀತಾನೆ ಅಂದ್ರು.”

ಚಿಕ್ಕರಂಗಯ್ಯನಿಗೆ ನಾಚಿಕೆಯಿಂದ ಮೈ ಹಿಡಿಯಾಯಿತು. ಅಷ್ಟರಲ್ಲಿ ಹೊರಗೆ ಬೈಕು ನಿಂತಿತು. ತಿಮ್ಮೇಶ ಚಪ್ಪಲಿ ಕಳಚುತ್ತಲೇ ಕೂಗಿದ: “ಅಣ್ಣಯ್ಯಾ, ಶರ್ಟು ಹಾಕ್ಕೋ, ಹೊರಡಣ!”

“ಚಿಕ್ಕಪ್ಪ,” ಹೇಮಶ್ರೀ ಅಪ್ಪನ ಮೇಲಿಂದ ಕಣ್ಣು ತೆಗೆಯದೆ ಹೇಳಿದಳು, “ಒಂಚೂರು ಏಣಿ ಹಿಡ್ಕೊ. ಅಟ್ಟ ಹತ್ಬೇಕು.”

“ನೀನ್ಯಾಕೆ ಹತ್ತೀಯ, ನಾನೇ ಹತ್ತೀನಿ ಬುಡು.” ತಿಮ್ಮೇಶ ಹಿತ್ತಲಿಂದ ಏಣಿ ತಂದು ಗೋಡೆಗೆ ಒರಗಿಸಿಯೇಬಿಟ್ಟ. ಬಿದಿರಿನ ಹಳೇ ಏಣಿ. ಎರಡು ಮೆಟ್ಟಿಲು ಏರುತ್ತಲೇ ವಾಲಿತು. “ಅಣ್ಣಯ್ಯ, ಗಟ್ಟಿಯಾಗಿ ಹಿಡ್ಕಳಪ್ಪ. ನಿನ್ನ ನಂಬ್ಕೊಂಡು ಹತ್ತಿದೀನಿ.”

ಚಿಕ್ಕರಂಗಯ್ಯ ಎರಡೂ ಕೈಯಿಂದ ಹಿಡಿದುಕೊಂಡ. ಮೇಲೆ ತಿಮ್ಮೇಶನ ಅರ್ಧ ದೇಹ ಕತ್ತಲಲ್ಲಿ ಮರೆಯಾಯಿತು.

“ಏನಪ್ಪಾ ಇಳಿಸ್ಬೇಕು? ಇಲ್ಲಿ ಬರೀ ಕುಕ್ಕೆ, ಹಳೇ ಚಾಪೆ.”

ಹೇಮಶ್ರೀ ಅಪ್ಪನತ್ತ ತಿರುಗಿದಳು. ಏನೂ ಇಲ್ಲ, ಇಳಿದು ಬಾ ಅಂದರೆ ಮುಗಿಯುತ್ತಿತ್ತು. ಹದಿನೆಂಟು ವರ್ಷ ಅದೊಂದು ಮಾತಿನಲ್ಲೇ ಕಳೆದಿತ್ತು.

“ಎಡಗಡೆ ಮೂಲೇಲಿ,” ಎಂದ ಚಿಕ್ಕರಂಗಯ್ಯ. “ಬಟ್ಟೆ ಕಟ್ಟಿರೋ ಮಡಕೆ, ತಿಮ್ಮೇಶ. ಅದು ನಿಂದು.”

ಮೇಲೆ ಚಾಪೆ ಸರಿದ ಸದ್ದಾಯಿತು. ಅಟ್ಟದ ಧೂಳು ಅವನ ತಲೆಯ ಮೇಲೆ, ಕನ್ನಡಕದ ಮೇಲೆ ಉದುರಿತು. ಒರೆಸಿಕೊಳ್ಳಲು ಏಣಿಯಿಂದ ಕೈ ತೆಗೆಯಬೇಕಿತ್ತು. ಅವನು ತೆಗೆಯಲಿಲ್ಲ.